ಕುಡಿಯದವನಿಗೆ ಯಾರು ಕಾಯುತ್ತಾರೆ

ನನ್ನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದಾಗ ಮೊದಲು ನನಗೆ ನಗು ಬಂತು. ‘ಕೊಬ್ಬು ಜಾಸ್ತಿಯಾಯ್ತಾ?’ ಎಂದು ಒಬ್ಬರ ಬಾಯಲ್ಲೂ ಬೈಸಿಕೊಳ್ಳದೆ ಇಷ್ಟು ವಯಸ್ಸು ಕಳೆದವನು ನಾನು. ಸ್ಕೂಲಿನಲ್ಲಿ ಮೇಷ್ಟ್ರ ಕೈಲಿ ಏಟು ತಿಂದವನಲ್ಲ, ಅಂಗಡಿಯಲ್ಲಿ ಗಿರಾಕಿಯ ಮೇಲೆ ಕೂಗಾಡಿದವನಲ್ಲ. ಅಂಥವನ ಕೊಬ್ಬು ಹೋಗಿ ಹೋಗಿ ಲಿವರ್‌ನಲ್ಲಿ ಅಡಗಿ ಕೂತಿತ್ತು.

ನಾನು ದರ್ಜಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ಆಲ್ಟರೇಷನ್ ಮಾತ್ರ. ಉದ್ದವಾದ ಪ್ಯಾಂಟು, ಜೋತು ಬಿದ್ದ ತೋಳು, ಜಿಪ್ಪು ಕಿತ್ತ ಜಾಕೆಟ್ಟು ನನ್ನ ಹತ್ತಿರ ಬರುತ್ತವೆ. ಬೆಳಿಗ್ಗೆ ಮಷೀನಿನ ಮುಂದೆ ಕೂತರೆ ಅಲ್ಲೇ ಡಬ್ಬಿ ಬಿಚ್ಚಿ ಉಂಡು, ಸಂಜೆ ಷಟರ್ ಎಳೆಯುವಾಗಲೇ ಏಳುವುದು. ನಡುವೆ ಎದುರಂಗಡಿಯ ಸಕ್ಕರೆ ಮುಂದಾದ ಟೀ, ಬನ್ನು, ಬಿಸಿಲು ಹೆಚ್ಚಾದರೆ ಒಂದು ತಣ್ಣಗಿನ ಬಾಟಲಿ. ಹೊಟ್ಟೆ ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಬೇರೆಯವರಿಗೆ ಪ್ಯಾಂಟು ಬಿಗಿಯಾದಾಗ ಗೊತ್ತಾಗುತ್ತದೆ. ನನ್ನ ಪ್ಯಾಂಟು ಬಿಗಿಯಾಗಲು ನಾನು ಬಿಟ್ಟರೆ ತಾನೆ? ಪ್ಯಾಂಟಿನ ಹಿಂಬದಿಯ ಹೊಲಿಗೆಯೊಳಗೆ ಸ್ವಲ್ಪ ಬಟ್ಟೆ ಮಡಚಿ ಬಿಟ್ಟಿರುತ್ತಾರೆ, ಮುಂದೆ ಬೇಕಾದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು. ಒಂಚೂರು ಹಿಡಿಯಿತು ಅನ್ನಿಸಿದರೆ ಸಾಕು, ಗಿರಾಕಿ ಇಲ್ಲದ ಹೊತ್ತು ನೋಡಿ ಬಿಚ್ಚಿ ಹೊಲಿದುಕೊಳ್ಳುತ್ತಿದ್ದೆ. ಒಳಗಿದ್ದ ಬಟ್ಟೆ ಮುಗಿದ ಮೇಲೆ ಅದೇ ಬಣ್ಣದ ತುಂಡು ಹುಡುಕಿ ಸೇರಿಸಿದೆ. ಇಡೀ ಬೀದಿಯವರ ಸೊಂಟದ ಅಳತೆ ಬಾಯಿಪಾಠವಿದ್ದ ನನಗೆ ನನ್ನ ಸೊಂಟದ ಅಳತೆ ಮಾತ್ರ ಗೊತ್ತಿರಲಿಲ್ಲ.

ಬಲಗಡೆ ಪಕ್ಕೆಯ ಕೆಳಗೆ ಏನೋ ಭಾರ, ಸುಮ್ಮನೆ ಕೂತರೂ ಸುಸ್ತು. ನನ್ನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಅವಳೇ ಹಟ ಹಿಡಿದು ಸ್ಕ್ಯಾನ್ ಮಾಡಿಸಿದಳು.

“ಕುಡೀತೀರಾ?” ಎಂದರು ಡಾಕ್ಟರಮ್ಮ.

“ಇಲ್ಲ.”

“ಅಪರೂಪಕ್ಕೆ? ಪಾರ್ಟಿ ಗೀರ್ಟಿ?”

“ಮುಟ್ಟಿಲ್ಲ ಡಾಕ್ಟ್ರೇ.”

“ಸರಿ. ಇದು ಕುಡಿಯದವರಿಗೂ ಬರುತ್ತೆ. ಸಕ್ಕರೆ, ಕೂತಲ್ಲೇ ಕೂರೋದು, ತೂಕ, ಎಲ್ಲಾ ಸೇರಿ ಲಿವರ್‌ಗೆ ಕೊಬ್ಬು ಹತ್ತುತ್ತೆ. ಇದಕ್ಕೆ ನಾನು ಮಾತ್ರೆ ಬರೆಯಲ್ಲ. ಸಿಹಿ ಬಿಡಿ, ಆ ಬಾಟಲಿ ಜ್ಯೂಸುಗಳನ್ನ ಬಿಡಿ, ದಿನಾ ನಡೀರಿ, ನಿಧಾನವಾಗಿ ತೂಕ ಇಳಿಸಿ. ಹಾಗೇ ಬಿಟ್ರೆ ಒಳಗೆ ಗಾಯ ಆಗುತ್ತೆ, ಗಾಯ ಮಾಗಿ ಮಾಗಿ ಲಿವರ್ ಗಟ್ಟಿ ಆಗುತ್ತೆ. ಪೂರ್ತಿ ಗಟ್ಟಿಯಾದ್ಮೇಲೆ ನನ್ನ ಕೈಲಿ ಜಾಸ್ತಿ ಏನೂ ಇರಲ್ಲ.”

ಗಟ್ಟಿಯಾದ ಲಿವರ್ ಹೇಗಿರುತ್ತದೆ ಎಂದು ಅವರು ನನಗೆ ಹೇಳಬೇಕಾಗಿರಲಿಲ್ಲ. ನಮ್ಮಪ್ಪ ಅದರಿಂದಲೇ ಸತ್ತದ್ದು. ಅವನದು ಮಾತ್ರ ಕುಡಿದು ಕುಡಿದು ಆದದ್ದು. ಕಣ್ಣು ಹಳದಿಯಾಗಿ, ಹೊಟ್ಟೆ ಊದಿಕೊಂಡು, ಕೈಕಾಲು ಕಡ್ಡಿಯಾಗಿ ಹೋದ. ಅವನನ್ನು ನೋಡಿಯೇ ನಾನು ಒಂದು ತೊಟ್ಟನ್ನೂ ಬಾಯಿಗೆ ಹಾಕದೆ ಬದುಕಿದ್ದು. ಈಗ ಲಿವರ್ ಎಂಬ ಅದೇ ಮೂರಕ್ಷರ ನನ್ನ ಮನೆಗೆ ಬೇರೆ ಬಾಗಿಲಿನಿಂದ ಬಂದಿತ್ತು.

ಅಂದು ಊಟಕ್ಕೆ ಕೂತಾಗ ಹೆಂಡತಿ ಬಟ್ಟಲಿಗೆ ಬೇಯಿಸಿದ ತರಕಾರಿ ಹಾಕುತ್ತಾ, “ಇನ್ಮೇಲೆ ಇದೇ. ಲಿವರ್ ಸರಿ ಹೋಗ್ಬೇಕು ಅಂದ್ರೆ ಬಾಯಿ ಕಟ್ಟಬೇಕು” ಎಂದಳು. ಅಮ್ಮ ನಮ್ಮ ಜೊತೆಯಲ್ಲೇ ಇರುತ್ತಾಳೆ. ಎದುರಿಗೆ ಕೂತಿದ್ದವಳು ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಕಡೆ ನೋಡಿದಳು.

“ನೀನೂನಾ?”

“ಇಲ್ಲಮ್ಮ, ಇದು ಅದಲ್ಲ. ನಾನು ಕುಡಿಯಲ್ಲ, ನಿಂಗೊತ್ತಲ್ಲ” ಎಂದೆ.

“ನಿಮ್ಮಪ್ಪನೂ ಹೀಗೇ ಹೇಳ್ತಿದ್ರು” ಎಂದಳು. ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದು ಹೋದಳು.

ಹೆಂಡತಿ ಅವಳ ಹಿಂದೆಯೇ ಹೋಗಿ, “ಅತ್ತೆ, ಇದು ಕುಡಿಯದೋರ ಕಾಯಿಲೆ” ಎಂದು ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು. “ಪಾಪ, ನಿಂಗೂ ಹಾಗೇ ನಂಬಿಸಿದಾನೆ. ನಾನೂ ಬಹಳ ವರ್ಷ ನಂಬಿದ್ದೆ” ಎಂದಳಂತೆ. ಇಂಥವಳ ಹತ್ತಿರ ವಾದ ಮಾಡಿ ಗೆಲ್ಲುವುದು ಹೇಗೆ? ಕುಡಿಯುವವನು ಕುಡಿದಿಲ್ಲ ಎನ್ನುತ್ತಾನೆ, ಕುಡಿಯದವನೂ ಅದನ್ನೇ ಎನ್ನುತ್ತಾನೆ.

ಮಾರನೆಯ ದಿನ ಸಂಜೆ ನಾನು ಮನೆ ಮೆಟ್ಟಿಲು ಹತ್ತುತ್ತಿದ್ದಾಗ ತಲೆಯೆತ್ತಿ ನೋಡಿದರೆ, ಅಮ್ಮ ಮೇಲೆ ಕಟಕಟೆ ಹಿಡಿದು ನಿಂತಿದ್ದಳು.

ಇದು ಎಷ್ಟು ದೊಡ್ಡ ವಿಷಯ ಎಂದು ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಚಿಕ್ಕವನಾಗಿದ್ದಾಗ ಅಮ್ಮ ದಿನಾ ಹೀಗೇ ನಿಲ್ಲುತ್ತಿದ್ದಳು. ಅಪ್ಪನಿಗಾಗಿ. ದೀಪ ಹಾಕಿದ್ದೇ ತಡ, ಕಿಟಕಿಯ ಹತ್ತಿರ ಹೋಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವಳು. ನಾನು ಪಾಠ ಒಪ್ಪಿಸಿದರೆ “ಹ್ಞೂಂ” ಎನ್ನುವಳು, ಕಿವಿ ಬೀದಿಯ ಕಡೆಗೆ. ನಾನು ಓಟದಲ್ಲಿ ಗೆದ್ದು ತಂದ ಬಹುಮಾನ ತೋರಿಸಿದರೂ “ಹ್ಞೂಂ”. ಒಂದು ಸಲ ನನಗೆ ಜ್ವರ ಬಂದು ಮೈ ಕೆಂಡವಾಗಿದ್ದಾಗ ಒದ್ದೆ ಬಟ್ಟೆಯನ್ನು ಹಣೆಗಿಟ್ಟು ಮತ್ತೆ ಕಿಟಕಿಗೇ ಹೋದಳು. ಮನೆಗೆ ಬಂದವರೆಲ್ಲ “ಇವನ ಬಗ್ಗೆ ನಿಂಗೆ ಚಿಂತೆಯಿಲ್ಲ ಬಿಡು, ಚಿನ್ನದಂಥ ಹುಡುಗ” ಎನ್ನುತ್ತಿದ್ದರು. ಚಿಂತೆಯಿಲ್ಲದ ಹುಡುಗನನ್ನು ಯಾರೂ ಕಾಯುವುದಿಲ್ಲ ಎಂದು ನಾನು ಆಗಲೇ ಕಲಿತೆ.

ನನಗೆ ಅಪ್ಪನ ಮೇಲೆ ಸಿಟ್ಟು ಇತ್ತು ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಹೊಟ್ಟೆಕಿಚ್ಚು ಇತ್ತು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಇದ್ದದ್ದು ಅದೇ. ಅಷ್ಟು ಕೆಟ್ಟವನಾಗಿಯೂ ದಿನಾ ತನಗಾಗಿ ಒಬ್ಬರನ್ನು ಕಿಟಕಿಯಲ್ಲಿ ನಿಲ್ಲಿಸಿಕೊಂಡಿದ್ದನಲ್ಲ ಆ ಮನುಷ್ಯ! ಅವನು ಸತ್ತ ಮೇಲಾದರೂ ನನ್ನ ಸರದಿ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ನನಗೆ ಕೆಲಸವಾಯಿತು, ಮದುವೆಯಾಯಿತು, ತಲೆ ನರೆಯಿತು. ನಾನು ಸಂಜೆ ನನ್ನದೇ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬರುತ್ತಿದ್ದೆ, ಅಮ್ಮ ತನ್ನ ಕೋಣೆಯಲ್ಲಿ ಮಲಗಿರುತ್ತಿದ್ದಳು. ಬಂದ್ಯಾ ಎಂದೂ ಕೇಳುತ್ತಿರಲಿಲ್ಲ.

ಅಂಥ ಅಮ್ಮ ಈಗ ಮಂಡಿನೋವು ಕಟ್ಟಿಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. “ಇಷ್ಟು ಹೊತ್ತಾ?” ಎಂದಳು. ನನ್ನ ಕೈಯಿಂದ ಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರಕ್ಕೆ ಬಂದಳು. ತುಂಬ ಹತ್ತಿರಕ್ಕೆ. ಅವಳ ತಲೆಯ ಎಣ್ಣೆಯ ವಾಸನೆ ನನಗೆ ಬಡಿಯುವಷ್ಟು. ಆಮೇಲೆ ಅರ್ಥವಾಯಿತು, ಅವಳು ನನ್ನ ಬಾಯಿ ಮೂಸುತ್ತಿದ್ದಳು.

ನಾನು ಮಾಡಿದ ಪಥ್ಯವೆಲ್ಲ ಆಮೇಲೆ ನನಗೇ ತಿರುಗಿಬಿತ್ತು. ಡಾಕ್ಟರಮ್ಮ ನಡೆಯಿರಿ ಎಂದಿದ್ದರಲ್ಲ, ನಾನು ಬಸ್ಸು ಬಿಟ್ಟು ಅಂಗಡಿಯಿಂದ ಮನೆಗೆ ನಡೆದೇ ಬರಲು ಶುರುಮಾಡಿದೆ. ಹಾಗಾಗಿ ದಿನಾ ತಡ. ನಡೆದು ನಡೆದು ಮುಖ ಕೆಂಪಗೆ, ಕಣ್ಣು ಸುಸ್ತು, ಕೊನೆಯ ಮೆಟ್ಟಿಲಲ್ಲಿ ಕಾಲು ತೊಡರುವುದು. ಅಪ್ಪ ಬರುತ್ತಿದ್ದದ್ದೂ ಹೀಗೇ. ಸಕ್ಕರೆ ಹಾಕಿದ ಟೀ ಬಿಟ್ಟ ಮೇಲೆ ಬಾಯಿ ಚಡಪಡಿಸುತ್ತದೆ ಎಂದು ಹೆಂಡತಿ ಜೇಬಿನಲ್ಲಿ ಲವಂಗ ಹಾಕಿ ಕಳಿಸಿದಳು. ಅಪ್ಪ ವಾಸನೆ ಮುಚ್ಚಲು ಅಗಿಯುತ್ತಿದ್ದದ್ದೂ ಲವಂಗವೇ! ಅದರ ಘಾಟು ಮೂಗಿಗೆ ಹೋದದ್ದೇ ಅಮ್ಮನ ಮುಖ ಬಾಡಿತು. ಮುಂದೆ ತೂಕ ಇಳಿಯತೊಡಗಿತು, ಕೆನ್ನೆ ಒಳಗೆ ಹೋಯಿತು, ಶರಟು ಭುಜದಲ್ಲಿ ಜೋತಾಡಿತು. ನಾನು ನನ್ನ ಪ್ಯಾಂಟುಗಳನ್ನು ಒಂದೊಂದಾಗಿ ಬಿಚ್ಚಿ, ಸೇರಿಸಿದ್ದ ತುಂಡು ಕಿತ್ತೆಸೆದು, ಹಳೆಯ ಹೊಲಿಗೆಯ ಗುರುತಿಗೇ ತಂದು ಹೊಲಿದೆ. ಬೀದಿಯವರೆಲ್ಲ “ಏನ್ರೀ, ಹುಡುಗನ ಹಾಗಾಗಿದೀರ” ಎಂದರು. ಅಮ್ಮ ಮಾತ್ರ ನನ್ನ ಮುಂಗೈ ಹಿಡಿದು ನೋಡಿ, “ಅವರೂ ಮೊದಲು ಹೀಗೇ ಇಳಿದಿದ್ದು” ಎಂದಳು. ನಾನು ಎಷ್ಟು ಹುಷಾರಾದೆನೋ ಅವಳ ಕಣ್ಣಿಗೆ ಅಷ್ಟು ಸಾಯುತ್ತಿದ್ದೆ.

ಅಮ್ಮ ಮೆಟ್ಟಿಲ ತುದಿಯಿಂದ ಒಂದು ಮಹಡಿ ಕೆಳಗಿಳಿದಳು. ಅಲ್ಲಿಂದ ಇನ್ನೊಂದು. ಕೊನೆಗೆ ಕಟ್ಟಡದ ಬಾಗಿಲಿಗೇ ಬಂದು ನಿಲ್ಲತೊಡಗಿದಳು. ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕತ್ತು ಉದ್ದ ಮಾಡಿ ನನ್ನ ನಡಿಗೆ ನೋಡುವಳು.

ಹೆಂಡತಿಗೆ ರೇಗಿ ಹೋಯಿತು. “ನಿಮಗೆ ನಾಚಿಕೆ ಆಗಲ್ವೇನ್ರೀ? ಅರ್ಧ ಶತಮಾನ ಆಗ್ತಾ ಬಂತು ನಿಮಗೆ. ಅತ್ತೆ ಬಾಗಿಲಲ್ಲಿ ನಿಮ್ಮ ಬಾಯಿ ಮೂಸ್ತಾರೆ, ನೀವು ಕರು ಥರ ನಿಂತ್ಕೊಂಡು ಮೂಸಿಸ್ಕೊಳ್ತೀರ!”

“ಏನ್ ಮಾಡ್ಲಿ? ನಂಬಲ್ಲ.”

“ನಂಬಿಸೋಕೆ ನೀವು ಬಾಯೇ ಬಿಡ್ತಿಲ್ಲ. ಮೊದಮೊದಲು ಇಲ್ಲಮ್ಮ ಇಲ್ಲಮ್ಮ ಅಂತಿದ್ರಿ. ಈಗ ಅದೂ ಇಲ್ಲ.”

ಅವಳು ಹೇಳಿದ್ದು ನಿಜ. ನಾನು ಇಲ್ಲ ಎನ್ನುವುದನ್ನು ಬಿಟ್ಟಿದ್ದೆ. ಅಂಗಡಿಯಲ್ಲಿ ಸಂಜೆ ಆಗುತ್ತಿದ್ದ ಹಾಗೆ ನನಗೆ ಒಳಗೊಳಗೇ ಖುಷಿ ಶುರುವಾಗುತ್ತಿತ್ತು. ಬಾಯಲ್ಲಿ ಲವಂಗ ಹಾಕಿಕೊಂಡು ಹೊರಟರೆ ದಾರಿಯುದ್ದಕ್ಕೂ ಒಂದೇ ಯೋಚನೆ, ಅಮ್ಮ ಈಗ ಎದ್ದಿರುತ್ತಾಳೆ, ಈಗ ಚಪ್ಪಲಿ ಹಾಕಿಕೊಂಡಿರುತ್ತಾಳೆ, ಈಗ ಕೆಳಗಿಳಿಯುತ್ತಿರುತ್ತಾಳೆ. ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚು ನಡೆದೆ ನಾನು, ಬೇಕೆಂದೇ ಸುತ್ತು ಹಾಕಿ. ಅನುಮಾನವೋ ಮಣ್ಣೋ, ಆ ಬಾಗಿಲಲ್ಲಿ ನಿಂತಿದ್ದವಳು ನನ್ನ ಅಮ್ಮ, ಅವಳು ನೋಡುತ್ತಿದ್ದದ್ದು ನನ್ನ ದಾರಿ. ಚಿಕ್ಕಂದಿನಿಂದ ನನಗೆ ಬೇಕಾಗಿದ್ದದ್ದು ಇಷ್ಟೇ. ಇದು ಸಿಕ್ಕಿತಲ್ಲ, ಲಿವರ್ ಹಾಳಾದರೂ ಪರವಾಗಿಲ್ಲ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಆರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಆಯಿತು. ಫಲಿತಾಂಶ ಕೇಳಲು ಹೋಗುವಾಗ ಹೆಂಡತಿ ನನ್ನನ್ನು ಕೇಳದೆ ಅಮ್ಮನನ್ನೂ ಹೊರಡಿಸಿಕೊಂಡು ಬಂದಳು.

ಡಾಕ್ಟರಮ್ಮ ಕಂಪ್ಯೂಟರು ನೋಡಿ ಹಿಗ್ಗಿದರು. “ಪರವಾಗಿಲ್ವೇ! ಕೊಬ್ಬು ಅರ್ಧಕ್ಕರ್ಧ ಇಳಿದಿದೆ. ರಕ್ತದ ಪರೀಕ್ಷೇನೂ ಸರಿ ಇದೆ. ಹೀಗೇ ನಡೆಸ್ಕೊಂಡು ಹೋಗಿ. ಆದ್ರೆ ಬಿಟ್ರೆ ಮತ್ತೆ ಬರುತ್ತೆ, ನೆನಪಿರ್ಲಿ. ಇದು ಜೀವನಪೂರ್ತಿ ಕೆಲಸ.”

“ಡಾಕ್ಟ್ರೇ, ನಮ್ಮತ್ತೆಗೆ ಸ್ವಲ್ಪ ಹೇಳಿ. ಇವರು ಕುಡೀತಾರೆ ಅಂತ ಅವರ ಯೋಚನೆ” ಎಂದಳು ಹೆಂಡತಿ.

ಡಾಕ್ಟರಮ್ಮ ಕುರ್ಚಿ ತಿರುಗಿಸಿ ಅಮ್ಮನ ಎದುರು ಕೂತರು. “ಅಮ್ಮಾ, ನಿಮ್ಮ ಮಗ ಕುಡಿಯಲ್ಲ.”

“ನೀವು ಹೇಗೆ ಹೇಳ್ತೀರಿ? ಅವರಪ್ಪನ ಡಾಕ್ಟರಿಗೂ ಮೊದಲು ಗೊತ್ತಾಗಿರಲಿಲ್ಲ.”

“ಕುಡೀತಾ ಇದ್ದಿದ್ರೆ ಆರು ತಿಂಗಳಲ್ಲಿ ಇದು ಇನ್ನೂ ಹದಗೆಡ್ತಿತ್ತು, ಇಳೀತಿರಲಿಲ್ಲ. ಇನ್ನೊಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಇದೇ ಕಾಯಿಲೆ ನನಗೂ ಇದೆ.”

ಅಮ್ಮ ಡಾಕ್ಟರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿಮಗೂನಾ? ನೀವು…”

“ನಾನೂ ಕುಡಿಯಲ್ಲ. ಈ ಕುರ್ಚೀಲಿ ಕೂತು ಕೂತು, ಬಿಸ್ಕತ್ತು ತಿಂದು ತಿಂದು ಬಂದಿದ್ದು. ನಿಮ್ಮ ಮಗ ನನಗಿಂತ ಜಾಣ, ನಂದು ಇನ್ನೂ ಇಳಿದಿಲ್ಲ.”

ಅಮ್ಮ “ಹೌದಾ” ಎಂದಳು. ಅದೊಂದೇ ಮಾತು. ಅವಳ ಭುಜ ಎರಡೂ ಇಳಿದವು. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸಿದಳು. ಹೆಂಡತಿ ನನ್ನ ಪಕ್ಕೆಗೆ ತಿವಿದು, “ಹೇಗೆ?” ಎಂದು ಹುಬ್ಬು ಹಾರಿಸಿದಳು. ನಾನು ಹಲ್ಲು ಕಿರಿದೆ.

ಮಾರನೆಯ ಸಂಜೆ ಕಟ್ಟಡದ ಬಾಗಿಲಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಲ್ಲೂ ಇಲ್ಲ. ಮನೆಯ ಬಾಗಿಲು ಮುಚ್ಚಿತ್ತು. ಕೀಲಿ ಹಾಕಿ ಒಳಗೆ ಹೋದೆ. ಅಮ್ಮ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸರಿ, ಇವತ್ತು ಮಂಡಿ ನೋವಿರಬೇಕು ಎಂದುಕೊಂಡೆ. ಅದರ ಮರುದಿನವೂ ಹಾಗೇ. ಆಮೇಲೆ ಎಲ್ಲಾ ದಿನವೂ ಹಾಗೇ.

ಇಷ್ಟು ವಯಸ್ಸಾದ ಗಂಡಸು, ಅಮ್ಮ ಬಾಗಿಲಿಗೆ ಬರಲಿಲ್ಲವೆಂದು ಕೊರಗುವುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹೆಂಡತಿಗೆ ಹೇಳಿದರೆ ಅವಳು ನಗುವಳು, ನಕ್ಕು ಮುಗಿದ ಮೇಲೆ ಅಳುವಳು, ಎರಡೂ ನನಗೆ ಬೇಡವಾಗಿತ್ತು. ಒಂದು ದಿನ ಬೇಕೆಂದೇ ಬಹಳ ಸುತ್ತು ಹಾಕಿ ಕತ್ತಲಾದ ಮೇಲೆ ಬಂದೆ. ಇನ್ನೊಂದು ದಿನ ಮೆಟ್ಟಿಲ ಮೇಲೆ ಕಾಲು ಎಳೆದುಕೊಂಡು ಸದ್ದು ಮಾಡುತ್ತಾ ಹತ್ತಿದೆ. ಪಕ್ಕದ ಮನೆಯವರು ಬಾಗಿಲು ತೆಗೆದು, ಏನಾದರೂ ಬಿತ್ತಾ ಎಂದು ಕೇಳಿದರು. ಅಮ್ಮ ಬರಲಿಲ್ಲ. ನಡೆಯುವ ಹುಮ್ಮಸ್ಸೂ ಹೋಯಿತು. ಎದುರಂಗಡಿಯ ಬನ್ನು ಮತ್ತೆ ನನ್ನನ್ನು ಹೆಸರು ಹಿಡಿದು ಕರೆಯತೊಡಗಿತು. ಒಂದೆರಡು ಸಲ ಹೋಗಿ ತಿಂದೂ ಬಂದೆ. ತಿನ್ನುವಾಗ ರುಚಿ ಗೊತ್ತಾಗಲಿಲ್ಲ. ಹೀಗೇ ಬಿಟ್ಟರೆ ಇಳಿದ ಕೊಬ್ಬು ಮತ್ತೆ ಹತ್ತುತ್ತದೆ ಎಂಬುದು ತಿಳಿದಿತ್ತು. ಹತ್ತಿದರೆ ಹತ್ತಲಿ, ಯಾರಿಗೆ ಬೇಕಾಗಿದೆ ಎಂಬ ಮೊಂಡುತನವೂ ಇತ್ತು.

ಕೊನೆಗೆ ಒಂದು ಸಂಜೆ ನನ್ನ ತಲೆ ಪೂರ್ತಿ ಕೆಟ್ಟಿತು. ಷಟರ್ ಎಳೆದವನು ಮನೆಯ ದಾರಿ ಬಿಟ್ಟು ಹೆಂಡದಂಗಡಿಯ ದಾರಿ ಹಿಡಿದೆ. ಅದರ ಮುಂದೆ ನಿಲ್ಲುವುದೂ ನನಗೆ ಅದೇ ಮೊದಲು. ಕಬ್ಬಿಣದ ಸರಳಿನ ಹಿಂದೆ ಕೂತಿದ್ದವನು ತಲೆಯೆತ್ತದೆ, “ಏನ್ ಕೊಡ್ಲಿ?” ಎಂದ.

ಏನೆಂದು ಕೇಳಲಿ? ಹೆಸರುಗಳೇ ಗೊತ್ತಿರಲಿಲ್ಲ. “ವಾಸನೆ ಜೋರಾಗಿರೋದು ಯಾವ್ದಿದೆ?”

ಅವನು ಈಗ ತಲೆಯೆತ್ತಿದ. “ವಾಸನೆ ಬರಬಾರದು, ಅಂಥದ್ದು ಕೊಡಿ ಅಂತ ಎಲ್ಲಾರೂ ಕೇಳ್ತಾರೆ. ವಾಸನೆ ಬೇಕು ಅಂದೋರು ನೀವೇ ಮೊದಲು.” ತಮಾಷೆಗೆ ಸಿಕ್ಕಿದ ಗಿರಾಕಿಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಎರಡು ಮೂರು ತೋರಿಸಿ, ಇದು ಘಾಟು, ಅದು ನಾತ ಎಂದು ವಿವರಿಸಿ, ಅಂಗೈಯಗಲದ ಬಾಟಲಿಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಕರೆಂಟಿನ ಮೀಟರುಗಳಿರುವ ಮೂಲೆಯಲ್ಲಿ ನಿಂತು ಮುಚ್ಚಳ ತೆಗೆದೆ. ಬಾಯಿಗೆ ಹಾಕಿಕೊಳ್ಳುವ ಮಾತೇ ಇಲ್ಲ. ಅಂಗೈಗೆ ಸುರಿದುಕೊಂಡು ಕಾಲರಿಗೆ, ಎದೆಗೆ, ತೋಳಿಗೆ ಸವರಿಕೊಂಡೆ. ಉಳಿದದ್ದನ್ನು ಮೋರಿಗೆ ಚೆಲ್ಲಿದೆ. ನನ್ನ ಲೆಕ್ಕ ಸರಳವಾಗಿತ್ತು. ಅಮ್ಮ ಬಾಗಿಲು ತೆಗೆಯುತ್ತಾಳೆ, ವಾಸನೆ ಹಿಡಿಯುತ್ತಾಳೆ, ನನ್ನ ಕಾಲರ್ ಹಿಡಿದು ಬೈಯುತ್ತಾಳೆ, ಬೇಕಾದರೆ ಎರಡು ಬಾರಿಸುತ್ತಾಳೆ. ನಾಳೆಯಿಂದ ಮತ್ತೆ ಕೆಳಗೆ ಬಂದು ನಿಲ್ಲುತ್ತಾಳೆ. ನಾನು ಮತ್ತೆ ನಡೆಯುತ್ತೇನೆ, ಬನ್ನು ಬಿಡುತ್ತೇನೆ. ಎಲ್ಲಾ ಸರಿಹೋಗುತ್ತದೆ.

ಹೆಂಡತಿ ಅಂಗಡಿಯಿಂದ ಬರುವ ಹೊತ್ತಾಗಿರಲಿಲ್ಲ. ಕೀಲಿ ಜೇಬಲ್ಲೇ ಇಟ್ಟುಕೊಂಡು ಗಂಟೆ ಒತ್ತಿದೆ.

“ಬಂದೆ, ಬಂದೆ. ಕೀಲಿ ಮರೆತ್ಯಾ?” ಎನ್ನುತ್ತಾ ಅಮ್ಮ ಬಾಗಿಲು ತೆಗೆದಳು. ಮಲಗಿದ್ದಲ್ಲಿಂದ ಎದ್ದು ಬಂದಿದ್ದಳು. ಒಂದು ಪಕ್ಕದ ಕೂದಲು ಮೇಲೆದ್ದಿತ್ತು. ಒಂದು ಉಸಿರು ಒಳಗೆಳೆದವಳು ಅಲ್ಲೇ ನಿಂತುಬಿಟ್ಟಳು.

ಅವಳು ನನ್ನ ಮುಖ ನೋಡಲಿಲ್ಲ. ಮೊದಲು ನನ್ನ ಕೈ ನೋಡಿದಳು, ಬಲಗೈ, ಆಮೇಲೆ ಎಡಗೈ. ಹೆಜ್ಜೆ ಹಿಂದಕ್ಕಿಟ್ಟಳು. ಅವಳ ಒಂದು ಕೈ ಬೆನ್ನ ಹಿಂದಕ್ಕೆ ಹೋಯಿತು. ಸೊಂಟದ ಮಟ್ಟದಲ್ಲಿ ಅಂಗೈ ಅಗಲಿಸಿ, ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ ತಡಕಿ, ಹಿಂದಕ್ಕೆ ನೂಕಿತು.

“ಒಳಗೆ ಹೋಗು ಮರಿ” ಎಂದಳು. ಪಿಸುಮಾತಿನಲ್ಲಿ. ನನಗಲ್ಲ. “ಚಿಲಕ ಹಾಕ್ಕೊ. ನಾನು ಕರೆಯೋ ತನಕ ಬರಬೇಡ.”

ಆ ಅಂಗೈ ನನಗೆ ಗೊತ್ತಿತ್ತು. ಅದು ನನ್ನ ಎದೆಗೆ ಎಷ್ಟು ಸಲ ತಾಗಿತ್ತು! ನನ್ನನ್ನು ದೂರ ತಳ್ಳುತ್ತಾಳೆ ಎಂದು ಆಗ ಅಳು ಬರುತ್ತಿತ್ತು. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಹೊರಗೆ ಅವರಿಬ್ಬರೇ ಇದ್ದಾರೆ, ನಾನು ಬೇಡ ಎಂದು ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ. ಹೊರಗೆ ಏನಾಗುತ್ತಿತ್ತೆಂದು ನಾನು ಕೇಳಿಸಿಕೊಳ್ಳಲೂ ಇಲ್ಲ, ಯಾವತ್ತೂ ಕೇಳಲೂ ಇಲ್ಲ.

“ಅಮ್ಮಾ, ನಾನು ಕಣಮ್ಮ. ನಾನು ಕುಡಿದಿಲ್ಲ” ಎಂದೆ. ಬಾಯಿಂದ ಬಂದ ಮೇಲೆ ಗೊತ್ತಾಯಿತು, ಅವಳು ಇದನ್ನೂ ಹೀಗೇ ಬಾಗಿಲಲ್ಲಿ ನಿಂತು ಸಾವಿರ ಸಲ ಕೇಳಿದ್ದಾಳೆ.

ಏನು ಮಾಡಲೂ ತೋಚದೆ ಹೊಸಿಲ ಮೇಲೆ ಕುಸಿದು ಕೂತೆ. ನಿಂತವನಿಗಿಂತ ಕೂತವನಿಗೆ ಹೆದರಿಕೆ ಕಡಿಮೆ ಎಂದು ಹೇಗೆ ಹೊಳೆಯಿತೋ. ಶರಟು ಬಿಚ್ಚಿ ಹೊರಗೆ ಮೆಟ್ಟಿಲಿಗೆ ಎಸೆದೆ. ಕೈ ಎರಡೂ ತೊಡೆಯ ಕೆಳಗಿಟ್ಟುಕೊಂಡೆ. “ಬಾಯಿ ಮೂಸಿ ನೋಡಮ್ಮ. ಶರಟಿಗೆ ಸುರ್ಕೊಂಡಿದ್ದು ಅಷ್ಟೆ. ಬಾಯಲ್ಲಿ ಏನೂ ಇಲ್ಲ, ನೋಡು.”

ಅಮ್ಮ ಒಂದೊಂದೇ ಹೆಜ್ಜೆ ಮುಂದಿಟ್ಟು ಬಗ್ಗಿದಳು. ಗಲ್ಲ ಹಿಡಿದು ನನ್ನ ಮುಖ ಮೇಲೆತ್ತಿ ಮೂಸಿದಳು. ಅವಳ ಬೆರಳು ನಡುಗುತ್ತಿದ್ದವು. ನಿಧಾನವಾಗಿ ಅವಳ ಕಣ್ಣು ಈ ಮನೆಗೆ, ಈ ದಿನಕ್ಕೆ, ನನ್ನ ನರೆತ ತಲೆಗೆ ಬಂದವು.

“ಯಾಕೋ? ಯಾಕೋ ಹೀಗ್ ಮಾಡ್ದೆ?”

“ನೀನು ಬಾಗಿಲಿಗೆ ಬರೋದು ಬಿಟ್ಬಿಟ್ಟೆ” ಎಂದೆ. “ಅಪ್ಪನಿಗೆ ದಿನಾ ಕಾಯ್ತಿದ್ದೆ. ನಂಗೆ ಒಂದು ದಿನಾನೂ ಕಾಯಲಿಲ್ಲ. ಈಗ ಕಾಯ್ತಿದ್ದೆಯಲ್ಲ, ನಂಗೆ ಅದು ಬೇಕಿತ್ತು.”

ಅಮ್ಮ ಗೋಡೆ ಹಿಡಿದುಕೊಂಡು, ಮಂಡಿ ಸಾಲದೆ ಒದ್ದಾಡಿ, ನನ್ನ ಪಕ್ಕ ನೆಲದ ಮೇಲೆ ಕೂತಳು. ಬೈಯಲಿಲ್ಲ.

“ಅವರಿಗೆ ಎಲ್ಲಿ ಕಾಯ್ತಿದ್ದೆನೋ ದಡ್ಡ. ಯಾವ ಥರ ಬರ್ತಿದಾರೆ ಅಂತ ನೋಡ್ತಿದ್ದೆ. ಕಾಲು ಹೇಗೆ ಬೀಳುತ್ತೆ, ಕೈಯಲ್ಲಿ ಏನಿದೆ. ಬೇಗ ಗೊತ್ತಾದ್ರೆ ನಿನ್ನನ್ನ ಬೇಗ ಒಳಗೆ ಕಳಿಸ್ಬಹುದಲ್ಲ.” ಮಂಡಿ ನೀವಿಕೊಂಡಳು. “ಈ ಆರು ತಿಂಗಳೂ ಅದೇ ಆಯ್ತು ನಂಗೆ. ಆ ಮೆಟ್ಟಿಲಲ್ಲಿ ನಿಂತಾಗ ಜೀವ ಬಾಯಿಗೆ ಬರೋದು. ನೀನು ಅದನ್ನ ಬೇಕು ಅಂತೀಯಲ್ಲೋ.”

ನಾನು ತಲೆ ತಗ್ಗಿಸಿದೆ.

“ನಿಂಗ್ಯಾಕೆ ಕಾಯ್ಬೇಕು ನಾನು? ನೀನು ಸ್ಕೂಲಿಂದ ಬಂದು ಬ್ಯಾಗ್ ಇಟ್ಟ ಸದ್ದು ಕೇಳಿದ್ರೆ ಸಾಕು, ನಂಗೆ ಕಣ್ಣು ಎಳ್ಕೊಂಡು ಹೋಗೋದು. ಕಿಟಕಿಗೆ ಹೋಗೋ ಮುಂಚೆ ಆ ಒಂಚೂರು ಹೊತ್ತು. ಆ ಮನೇಲಿ ನಾನು ನಿದ್ದೆ ಅಂತ ಮಾಡಿದ್ದು ಅಷ್ಟೇ. ಮಗ ಮನೇಲಿದಾನೆ, ಇನ್ನೇನು ಭಯ ಅಂತ. ಈಗ್ಲೂ ನೀನು ಕೀಲಿ ತಿರುಗಿಸಿದ ಸದ್ದು ಕೇಳಿದ್ಮೇಲೇ ನಂಗೆ ನಿದ್ದೆ ಹತ್ತೋದು.”

ಕೇಳಿದ ಕೂಡಲೇ ನನ್ನ ಮುನಿಸೆಲ್ಲ ಕರಗಿತು ಎಂದರೆ ಸುಳ್ಳಾಗುತ್ತದೆ. ಹೆದರಿಕೆಯಿಲ್ಲದೆ, ಅನುಮಾನವಿಲ್ಲದೆ, ಸುಮ್ಮನೆ ನಾನು ಬರುತ್ತೇನೆಂಬ ಒಂದೇ ಕಾರಣಕ್ಕೆ ಒಂದು ಸಂಜೆ ಅವಳು ಬಾಗಿಲಲ್ಲಿ ನಿಂತಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಸಾಯುವ ತನಕ ಅನ್ನಿಸುತ್ತದೆಯೋ ಏನೋ. ಆದರೆ ಅವಳ ಬೆರಳು ಇನ್ನೂ ನಡುಗುತ್ತಿದ್ದವು, ಅವುಗಳನ್ನು ನಡುಗಿಸಿದವನು ನಾನು.

ಅಮ್ಮನನ್ನು ಹಿಡಿದೆತ್ತಿ ಕೋಣೆಗೆ ಕರೆದುಕೊಂಡು ಹೋದೆ. ಮಲಗಿದಳು. ನಾನು ದೀಪ ಆರಿಸಿ ಹೊರಡುವಷ್ಟರಲ್ಲಿ ಕೇಳಿದಳು.

“ಇಲ್ಲೇ ಇರ್ತೀಯಲ್ಲ?”

“ಇಲ್ಲೇ ಇರ್ತೀನಿ.”

ಬನಿಯನ್ನಿನಲ್ಲೇ ಅವಳ ಕೋಣೆಯ ಬಾಗಿಲಿಗೆ ಒರಗಿ ಕೂತೆ. ಮೊದಲು ಹೊರಳಾಡಿದಳು. ಆಮೇಲೆ ಉಸಿರು ಉದ್ದವಾಯಿತು, ನಿಧಾನವಾಗಿ ಗೊರಕೆಯಾಯಿತು. ಅಷ್ಟರಲ್ಲಿ ಹೆಂಡತಿ ಕೆಳಗಿನಿಂದಲೇ ಮೂಗು ಎಳೆಯುತ್ತಾ ಬಂದಳು. ಒಂದು ಕೈಯಲ್ಲಿ ನನ್ನ ಶರಟು, ಎರಡೇ ಬೆರಳಲ್ಲಿ ದೂರ ಹಿಡಿದಿದ್ದಳು.

“ರೀ! ಏನಿದು ನಾತ?” ಎಂದು ಅವಳು ಗಂಟಲು ಏರಿಸುವ ಮೊದಲೇ ನಾನು ತುಟಿಗೆ ಬೆರಳಿಟ್ಟೆ.

“ಮೆತ್ತಗೆ ಮಾತಾಡೆ. ಅಮ್ಮ ಮಲಗಿದಾಳೆ.”